ಕಲಬುರಗಿಯಲ್ಲಿ ಕುಳಿತು ಬರೆಯುವ, ತಿದ್ದುವ ವೃತ್ತಿ: ಹೊಸಬರಿಗೊಂದು ಕೈಪಿಡಿ

ಬರಹವನ್ನು ತಿದ್ದುವ ಕೆಲಸ ಚೆನ್ನಾಗಿ ನಡೆದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಪುಸ್ತಕ ಕೈಗೆ ಬಂದಾಗ ಓದುಗರಿಗೆ ಲೇಖಕರ ಮಾತು ಕೇಳಿಸುತ್ತದೆಯೇ ಹೊರತು, ಆ ಮಾತಿನ ತೊಡಕುಗಳನ್ನು ಬಿಡಿಸಿದವರ ಕೈ ಕಾಣಿಸುವುದಿಲ್ಲ. ಓದುಗರ ಮಟ್ಟಿಗೆ ಅದು ಹಾಗೆಯೇ ಇರಬೇಕು. ಆದರೆ ಕೆಲಸ ಕೊಟ್ಟವರಿಗೂ ಅದು ಕಾಣದೆ ಹೋದರೆ, ‘ಎರಡು ದಿನ ಓದಿ ಕೊಟ್ಟದ್ದಕ್ಕೆ ಇಷ್ಟೊಂದು ಹಣವೇ?’ ಎಂಬ ಮಾತು ಬಂದೇ ಬರುತ್ತದೆ. ಯಾವ ಸಂಸ್ಥೆಯ ನೌಕರಿಯಲ್ಲೂ ಇಲ್ಲದೆ ಬರವಣಿಗೆ, ಅನುವಾದ ಮತ್ತು ಹಸ್ತಪ್ರತಿ ತಿದ್ದುವಿಕೆಯಿಂದಲೇ ಬದುಕು ಸಾಗಿಸಬೇಕೆನ್ನುವವರು ಮೊದಲು ಕಲಿಯಬೇಕಾದದ್ದು, ಈ ಕಾಣದ ಕೆಲಸವನ್ನು ಗಿರಾಕಿಯ ಕಣ್ಣಿಗೆ ಕಾಣುವಂತೆ ಕಾಗದದ ಮೇಲೆ ಇಡುವುದನ್ನು. ಈ ಬರಹದಲ್ಲಿ ಹೇಳಿರುವ ಕ್ರಮಗಳೆಲ್ಲ ಆ ಒಂದು ಉದ್ದೇಶದಿಂದ ಹುಟ್ಟಿದವು.

ನಮ್ಮ ಭಾಗದಲ್ಲಿ ಕೆಲಸಕ್ಕೆ ಕೊರತೆಯಿಲ್ಲ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯವೂ, 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆಗೊಂಡ ಕೇಂದ್ರೀಯ ವಿಶ್ವವಿದ್ಯಾಲಯವೂ ಇರುವುದರಿಂದ ಸಂಶೋಧನ ಪ್ರಬಂಧಗಳ ಭಾಷೆ ನೋಡಿಕೊಡುವ ಕೆಲಸ ವರ್ಷವಿಡೀ ಇರುತ್ತದೆ. ಮಠಗಳ ಮತ್ತು ಶಿಕ್ಷಣ ಸಂಸ್ಥೆಗಳ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ನಿವೃತ್ತ ಶಿಕ್ಷಕರ ಆತ್ಮಕಥನಗಳು, ತೊಗರಿ ಬೆಳೆಗಾರರಿಗಾಗಿ ಅಚ್ಚಾಗುವ ಕೈಹೊತ್ತಿಗೆಗಳು, ಬೆಂಗಳೂರು ಮತ್ತು ಹೈದರಾಬಾದಿನ ಸಂಸ್ಥೆಗಳು ಕಳುಹಿಸುವ ಅನುವಾದಗಳು ಇದಕ್ಕೆ ಸೇರುತ್ತವೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಿಂದ ನವೆಂಬರಿನ ರಾಜ್ಯೋತ್ಸವದವರೆಗೆ ಪುಸ್ತಕ ಬಿಡುಗಡೆಗಳ ಒತ್ತಡವಿರುತ್ತದೆ. ಮಾರ್ಚ್ ಮುಗಿಯುವ ಮುನ್ನ ವರದಿಗಳ ಒತ್ತಡವಿರುತ್ತದೆ. ಏಪ್ರಿಲ್, ಮೇ ತಿಂಗಳುಗಳು ನಿಧಾನ. ಈ ಏರಿಳಿತವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದೆ ತಿಂಗಳ ಖರ್ಚನ್ನು ನಿರ್ಧರಿಸಬಾರದು.

ಒಪ್ಪಿಕೊಳ್ಳುವ ಮುನ್ನ

ಹಸ್ತಪ್ರತಿಯನ್ನು ನೋಡದೆ ದರ ಹೇಳಬೇಡಿರಿ. ‘ಇನ್ನೂರು ಪುಟ ಐತ್ರಿ ಸರ್, ಮೊದಲ ಕೆಲಸ ನೋಡ್ರಿ, ರೊಕ್ಕದ ಮಾತು ಆಮ್ಯಾಲ ಆಡೋಣು’ ಎಂದು ಪ್ರೀತಿಯಿಂದಲೇ ಹೇಳುವವರು ನಮ್ಮಲ್ಲಿ ಬಹಳ ಜನ. ಆ ಪ್ರೀತಿಯಲ್ಲಿ ಮೋಸವಿರುವುದಿಲ್ಲ. ಆದರೆ ಅಳತೆಯೂ ಇರುವುದಿಲ್ಲ. ವೃತ್ತಿಗೆ ಇಳಿದ ಮೊದಲ ವರ್ಷದಲ್ಲಿ ನಾನು ಒಂದು ಸ್ಮರಣ ಸಂಚಿಕೆಯ ಕೆಲಸವನ್ನು ಹೀಗೆ ಬಾಯಿಮಾತಿನ ಮೇಲೆ ಒಪ್ಪಿಕೊಂಡೆ. ಇನ್ನೂರು ಪುಟವೆಂದದ್ದು ತಡವಾಗಿ ಬಂದ ಲೇಖನಗಳಿಂದ ಮುನ್ನೂರ ನಲವತ್ತಾಯಿತು, ದರ ಮಾತ್ರ ಮೊದಲ ಅಂದಾಜಿನಲ್ಲಿಯೇ ನಿಂತಿತು. ತಪ್ಪು ಅವರದೆಂದು ಆಗ ನೊಂದುಕೊಂಡಿದ್ದೆ; ಅಳತೆಯನ್ನು ಬರೆದಿಡದೆ ಇದ್ದದ್ದು ನನ್ನ ತಪ್ಪೆಂದು ತಿಳಿಯಲು ಇನ್ನೂ ಒಂದೆರಡು ಕೆಲಸಗಳು ಬೇಕಾದವು.

ಪುಟ ಎಂಬುದು ಅಳತೆಯೇ ಅಲ್ಲ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ ಬದಲಾದರೆ ಅದೇ ಬರಹ ಎಂಬತ್ತು ಪುಟವೂ ಆಗುತ್ತದೆ, ನೂರಿಪ್ಪತ್ತೂ ಆಗುತ್ತದೆ. ಆದ್ದರಿಂದ ಕನ್ನಡ ಹಸ್ತಪ್ರತಿಗೆ 250 ಪದಗಳನ್ನು ಒಂದು ಪುಟವೆಂದು ಹಿಡಿಯುವುದಾಗಿ ಮೊದಲೇ ತಿಳಿಸಿರಿ. ಅನುವಾದದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಇಂಗ್ಲಿಷಿನಲ್ಲಿ ‘ಇಟ್ ಹ್ಯಾಸ್ ಟು ಬಿ ಡನ್ ಇನ್ ಅವರ್ ಹೌಸ್ ಆಲ್ಸೋ’ ಎಂಬ ಒಂಬತ್ತು ಪದಗಳು ಕನ್ನಡದಲ್ಲಿ ‘ಅದನ್ನು ನಮ್ಮ ಮನೆಯಲ್ಲೂ ಮಾಡಬೇಕಾಗಿದೆ’ ಎಂಬ ನಾಲ್ಕೇ ಪದಗಳಾಗುತ್ತವೆ. ವಿಭಕ್ತಿ, ಅವ್ಯಯ, ಸಹಾಯಕ ಕ್ರಿಯಾಪದಗಳೆಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುವುದು ನಮ್ಮ ನುಡಿಯ ಸ್ವಭಾವ. ಹೀಗಿರುವಾಗ ಕನ್ನಡ ಪದಗಳನ್ನು ಎಣಿಸಿ ಹಣ ಪಡೆಯುವ ಅನುವಾದಕರು ಪ್ರತಿ ಕೆಲಸದಲ್ಲೂ ನಷ್ಟಪಡುತ್ತಾರೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಮೂಲದ ಪದಗಳನ್ನೇ ಎಣಿಸಬೇಕೆಂದು ಕೇಳಿರಿ. ಹೊರಗಿನ ಸಂಸ್ಥೆಗಳಿಗೆ ಈ ವಾಕ್ಯದಂಥ ಒಂದು ಉದಾಹರಣೆ ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನು ಮಾದರಿ ತಿದ್ದುವಿಕೆ. ಹಸ್ತಪ್ರತಿಯ ನಡುಭಾಗದಿಂದ ಎರಡು ಪುಟ ಆರಿಸಿಕೊಳ್ಳಿರಿ, ಮೊದಲ ಪುಟಗಳನ್ನು ಬೇಡ. ಲೇಖಕರು ಮೊದಲ ಅಧ್ಯಾಯವನ್ನು ಹತ್ತು ಸಲ ತಿದ್ದಿರುತ್ತಾರೆ. ಏಳನೆಯ ಅಧ್ಯಾಯವನ್ನು ಒಮ್ಮೆಯೂ ತಿರುಗಿ ನೋಡಿರುವುದಿಲ್ಲ. ಆ ಎರಡು ಪುಟಗಳನ್ನು ವರ್ಡ್‌ನಲ್ಲಿ ‘ಟ್ರ್ಯಾಕ್ ಚೇಂಜಸ್’ ಹಾಕಿಕೊಂಡು, ಹಿಡಿದ ಸಮಯವನ್ನು ಗುರುತಿಸುತ್ತ ತಿದ್ದಿ, ಲೇಖಕರಿಗೆ ಕಳುಹಿಸಿರಿ. ಅಳಿಸಿದ್ದು, ಸೇರಿಸಿದ್ದು, ಅಂಚಿನಲ್ಲಿ ಕೇಳಿದ ಪ್ರಶ್ನೆ ಎಲ್ಲವೂ ಬಣ್ಣದಲ್ಲಿ ಕಂಡಾಗ, ತಿದ್ದುವುದೆಂದರೆ ಕಾಗುಣಿತ ಸರಿಪಡಿಸುವುದಷ್ಟೇ ಅಲ್ಲವೆಂದು ಬೇರೆ ಮಾತಿಲ್ಲದೆ ತಿಳಿಯುತ್ತದೆ. ಲೇಖಕರು ಹಿರಿಯರಾಗಿದ್ದು ಕಂಪ್ಯೂಟರ್ ಬಳಸದವರಾದರೆ ಅದನ್ನೇ ಮುದ್ರಿಸಿ, ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು ತೋರಿಸಿರಿ. ಆ ಒಂದು ಗಂಟೆ ಮುಂದಿನ ಎರಡು ತಿಂಗಳ ಮನಸ್ತಾಪವನ್ನು ತಪ್ಪಿಸುತ್ತದೆ.

ದರ ಕಟ್ಟುವ ಲೆಕ್ಕ

ಬೇರೆಯವರ ದರ ಕೇಳಿ ಅದಕ್ಕಿಂತ ಕಡಿಮೆ ಹೇಳುವುದು ಹೊಸಬರ ಸಾಮಾನ್ಯ ಅಭ್ಯಾಸ. ಅದರ ಬದಲು ನಿಮ್ಮ ಮನೆಯ ಖರ್ಚಿನಿಂದ ಲೆಕ್ಕ ಆರಂಭಿಸಿರಿ. ತಿಂಗಳಿಗೆ 30,000 ರೂಪಾಯಿ ಬೇಕೆಂದರೆ ವರ್ಷಕ್ಕೆ 3,60,000. ಇಂಟರ್ನೆಟ್, ವಿದ್ಯುತ್, ಕಂಪ್ಯೂಟರಿನ ಸವಕಳಿ, ಆರೋಗ್ಯ ವಿಮೆ ಎಂದು ಇನ್ನು 60,000 ಸೇರಿಸಿದರೆ 4,20,000 ಆಗುತ್ತದೆ. ವರ್ಷದಲ್ಲಿ ಹತ್ತು ತಿಂಗಳು, ತಿಂಗಳಿಗೆ ಇಪ್ಪತ್ತೆರಡು ದಿನ, ದಿನಕ್ಕೆ ಐದು ಗಂಟೆ ಕೆಲಸವೆಂದು ಹಿಡಿದರೆ ಒಟ್ಟು 1,100 ಗಂಟೆಗಳು. ಮೇಜಿನ ಮುಂದೆ ಎಂಟು ಗಂಟೆ ಕುಳಿತರೂ ಹಣ ಬರುವ ಕೆಲಸ ಐದು ಗಂಟೆಗಿಂತ ಹೆಚ್ಚು ನಡೆಯುವುದಿಲ್ಲ. ಉಳಿದದ್ದು ಫೋನು, ಪತ್ರ, ಪ್ರೆಸ್ಸಿಗೆ ಓಡಾಟಗಳಲ್ಲಿ ಕಳೆಯುತ್ತದೆ. ಹಾಗಾಗಿ ನಿಮ್ಮ ಒಂದು ಗಂಟೆಯ ಬೆಲೆ ಸುಮಾರು 382 ರೂಪಾಯಿ. 250 ಪದಗಳ ಪುಟದ ಲೆಕ್ಕದಲ್ಲಿ ಗಂಟೆಗೆ ಎಂಟು ಪುಟ ಪ್ರೂಫ್ ನೋಡಬಲ್ಲಿರಾದರೆ ಪುಟಕ್ಕೆ 48 ರೂಪಾಯಿ, ಐದು ಪುಟ ಭಾಷೆ ತಿದ್ದಬಲ್ಲಿರಾದರೆ 76 ರೂಪಾಯಿ, ವಾಕ್ಯಗಳನ್ನೇ ಮುರಿದು ಕಟ್ಟಬೇಕಾದ ಹಸ್ತಪ್ರತಿಯಲ್ಲಿ ಮೂರೇ ಪುಟ ಸಾಗುವುದಾದರೆ 127 ರೂಪಾಯಿ ಬೀಳುತ್ತದೆ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ವೇಗ ಎಷ್ಟೆಂಬುದು ಮಾದರಿ ಪುಟಗಳಿಂದ ತಿಳಿಯುತ್ತದೆ.

ಒಪ್ಪಂದದ ಪತ್ರ

ಛಾಪಾ ಕಾಗದ ಬೇಕಿಲ್ಲ; ಒಂದು ಪುಟದ ಇಮೇಲ್ ಸಾಕು. ಅದರಲ್ಲಿ ಒಟ್ಟು ಪದಗಳು, ಕೆಲಸದ ಬಗೆ, ಎಷ್ಟು ಸುತ್ತು ಪ್ರೂಫ್ ನೋಡುತ್ತೀರಿ, ಹೊಸದಾಗಿ ಸೇರುವ ಪುಟಗಳಿಗೆ ಏನು ದರ, ಯಾವ ದಿನ ಏನು ಕೊಡುತ್ತೀರಿ, ಮುಂಗಡ ಎಷ್ಟು ಎಂಬುದಿರಲಿ. ಮೂರನೆಯ ಒಂದು ಭಾಗ ಮುಂಗಡ, ಇನ್ನೊಂದು ಭಾಗ ಮೊದಲ ತಿದ್ದುಪಡಿ ಒಪ್ಪಿಸಿದಾಗ, ಉಳಿದದ್ದು ಅಂತಿಮ ಕಡತಕ್ಕೆ ಮುನ್ನ ಎಂಬ ಕ್ರಮ ನನಗೆ ಒಗ್ಗಿದೆ. ಗಿರಾಕಿ ‘ಒಪ್ಪಿಗೆ’ ಎಂದು ಉತ್ತರಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕಿರಿ.

ನೀವೇ ಬರೆಯುವ ಅಥವಾ ಅನುವಾದಿಸುವ ಕೆಲಸವಾದರೆ ಹಕ್ಕಿನ ಮಾತು ಕಡ್ಡಾಯವಾಗಿ ಬರಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ನೌಕರನಲ್ಲದ ಬರಹಗಾರನೇ ತನ್ನ ಬರಹದ ಮೊದಲ ಒಡೆಯ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಸಹಿ ಮಾಡಿದ ಬರಹದ ಮೂಲಕವೇ ಆಗಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಪುಸ್ತಕದ ಹಕ್ಕು ಕೊಟ್ಟವರು ಅನುವಾದದ ಹಕ್ಕನ್ನೂ ಕೊಟ್ಟಂತಾಗುವುದಿಲ್ಲ, ಅದು ಪ್ರತ್ಯೇಕ. ಲೇಖಕರು ತೀರಿಕೊಂಡು 60 ವರ್ಷ ಕಳೆಯದ ಕೃತಿಯನ್ನು ಅನುವಾದಿಸಲು ಯಾರಾದರೂ ಕೇಳಿದರೆ, ವಾರಸುದಾರರ ಒಪ್ಪಿಗೆ ಪತ್ರವನ್ನು ಮೊದಲು ನೋಡಿರಿ. ‘ನಮ್ಮೂರವರದೇ ಪುಸ್ತಕ, ಯಾರು ಕೇಳುತ್ತಾರೆ’ ಎಂಬ ಭರವಸೆಯ ಮೇಲೆ ಆರು ತಿಂಗಳ ಶ್ರಮ ಹಾಕಬಾರದು.

ಪ್ರಬಂಧಗಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟಾದ ನಿಲುವು. ಪಿಎಚ್‌.ಡಿ. ಪ್ರಬಂಧದ ಭಾಷೆ, ಅಡಿಟಿಪ್ಪಣಿಗಳ ಕ್ರಮ, ಕಾಗುಣಿತಗಳನ್ನು ನೋಡಿಕೊಡಬಹುದು, ಅಧ್ಯಾಯ ಬರೆದುಕೊಡಬಾರದು. ಕೃತಿಚೌರ್ಯ ತಡೆಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮಗಳಲ್ಲಿ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ 10ರ ಒಳಗಿದ್ದರೆ ದಂಡವಿಲ್ಲ, ಅದರಾಚೆ ಹಂತ ಹಂತವಾಗಿ ಕ್ರಮವಿದೆ ಎಂಬುದು ಎಲ್ಲರಿಗೂ ತಿಳಿದಿರುವುದರಿಂದ, ‘ಪದ ಬದಲಿಸಿ ಹೋಲಿಕೆ ಇಳಿಸಿಕೊಡಿ’ ಎಂದು ಕೇಳುವವರು ಬರುತ್ತಾರೆ. ಕದ್ದ ಮಾತಿಗೆ ಬೇರೆ ಅಂಗಿ ತೊಡಿಸುವ ಆ ಕೆಲಸವನ್ನು ಎಷ್ಟೇ ಹಣ ಬಂದರೂ ಒಪ್ಪಬೇಡಿರಿ. ಉಲ್ಲೇಖವನ್ನು ಉಲ್ಲೇಖವಾಗಿಯೇ ತೋರಿಸುವ ಬಗೆಯನ್ನು ಹೇಳಿಕೊಡುತ್ತೇನೆಂದು ತಿಳಿಸಿರಿ; ಪ್ರಾಮಾಣಿಕ ವಿದ್ಯಾರ್ಥಿಗಳು ಅದನ್ನೇ ಬಯಸುತ್ತಾರೆ.

ರೂಢಿಪಟ್ಟಿ ಎಂಬ ಆಧಾರ

ತಿದ್ದಲು ಕುಳಿತೊಡನೆ ಒಂದು ಪ್ರತ್ಯೇಕ ಹಾಳೆ ತೆರೆಯಿರಿ. ಒಂದೇ ಪದಕ್ಕೆ ಎರಡು ಬರಹರೂಪ ಎದುರಾದಾಗ ಯಾವುದನ್ನು ಉಳಿಸಿಕೊಂಡಿರಿ, ಏಕೆ ಎಂಬುದನ್ನು ಅದರಲ್ಲಿ ಅಕಾರಾದಿಯಾಗಿ ಬರೆಯುತ್ತ ಹೋಗಿರಿ. ಇದನ್ನು ನಾನು ರೂಢಿಪಟ್ಟಿ ಎನ್ನುತ್ತೇನೆ. ನಮ್ಮ ಪ್ರದೇಶದ ಹಸ್ತಪ್ರತಿಗಳಿಗೆ ಇದಿಲ್ಲದೆ ಕೈಹಾಕುವುದು ಅಸಾಧ್ಯವೆಂದೇ ನನ್ನ ಅಭಿಪ್ರಾಯ.

ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಕಲಬುರಗಿ, ಕಲಬುರ್ಗಿ, ಗುಲಬರ್ಗಾ, ಗುಲ್ಬರ್ಗ ಎಂಬ ನಾಲ್ಕು ರೂಪಗಳು ಒಂದೇ ಅಧ್ಯಾಯದಲ್ಲಿ ಸಿಗುತ್ತವೆ. ಅಧಿಕೃತವಾಗಿ ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ವಿಶ್ವವಿದ್ಯಾಲಯದ ಹೆಸರು ಇಂದಿಗೂ ಗುಲಬರ್ಗಾ ವಿಶ್ವವಿದ್ಯಾಲಯ. ‘ಹುಡುಕಿ ಬದಲಿಸು’ ಎಂಬ ಆಜ್ಞೆಯನ್ನು ಕಣ್ಣುಮುಚ್ಚಿ ಕೊಟ್ಟರೆ ವಿಶ್ವವಿದ್ಯಾಲಯದ ಹೆಸರೂ, ಹಳೆಯ ದಾಖಲೆಯ ಉಲ್ಲೇಖವೂ ಕೆಡುತ್ತವೆ. ‘ಕಲ್ಯಾಣ ಕರ್ನಾಟಕ’ ಎಂಬ ಅಧಿಕೃತ ಹೆಸರು ಬಂದದ್ದು 2019ರಲ್ಲಿ. 1948ರ ಸೆಪ್ಟೆಂಬರಿನ ನೆನಪುಗಳನ್ನು ಹೇಳುವ ಹಿರಿಯರ ಬಾಯಲ್ಲಿ ಆ ಹೆಸರನ್ನು ಇಟ್ಟರೆ ಕಾಲ ತಪ್ಪುತ್ತದೆ. ಆಗ ಇದು ಹೈದರಾಬಾದ್ ಸಂಸ್ಥಾನ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಅದೇ ನೆನಪುಗಳಲ್ಲಿ ‘ಫಸಲಿ 1357’ ಎಂಬಂಥ ವರ್ಷಗಳು ಬರುತ್ತವೆ. ನಿಜಾಮರ ಆಡಳಿತದ ಕಾಗದಗಳಲ್ಲಿ ಬಳಕೆಯಲ್ಲಿದ್ದ ಈ ಲೆಕ್ಕದ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಆದ್ದರಿಂದ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಘಟನೆಗೆ 590, ಜನವರಿಯಿಂದಾಚೆಯದಕ್ಕೆ 591 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗಿನ ವರ್ಷ. ಇದನ್ನು ತಿಳಿಯದವರು ಅಚ್ಚಿನ ತಪ್ಪೆಂದು ಬಗೆದು 1957 ಎಂದು ‘ತಿದ್ದಿದ’ ಒಂದು ಹಸ್ತಪ್ರತಿ ನನ್ನ ಕೈಗೆ ಬಂದಿತ್ತು. ‘ಹಾಲಿ ಸಿಕ್ಕಾ’ ಎಂಬ ಮಾತು ಬಂದಾಗಲೂ ಅಷ್ಟೆ: ಅದು ಸಂಸ್ಥಾನದ ಸ್ವಂತ ನಾಣ್ಯ, ಈಗಿನ ರೂಪಾಯಿಯೆಂದು ಬದಲಿಸುವಂತಿಲ್ಲ. ಅಡಿಟಿಪ್ಪಣಿ ಕೊಡಬೇಕು.

ಆಡುಮಾತಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ‘ಮಾಡ್ಲಕತ್ತಾನ’, ‘ಮಾಡ್ಲತ್ತಾನ’ ಎಂದು ಒಬ್ಬರೇ ಲೇಖಕರು ಎರಡು ರೀತಿಯಲ್ಲಿ ಬರೆದಿದ್ದರೆ, ಅವರು ಹೇಗೆ ನುಡಿಯುತ್ತಾರೆಂದು ಫೋನಿನಲ್ಲಿ ಕೇಳಿಸಿಕೊಂಡು ಒಂದನ್ನು ರೂಢಿಪಟ್ಟಿಗೆ ಸೇರಿಸಿರಿ. ‘ಅವನಿಗೆ ನೋಡಿದರು’ ಎಂಬ ನಮ್ಮ ಭಾಗದ ಪ್ರಯೋಗವನ್ನು ಸಂಶೋಧನ ಪ್ರಬಂಧದಲ್ಲಿ ‘ಅವನನ್ನು ನೋಡಿದರು’ ಎಂದು ತಿದ್ದಬಹುದು. ಆತ್ಮಕಥನದಲ್ಲಿ ತಾಯಿ ಆಡಿದ ಮಾತಾಗಿದ್ದರೆ ಮುಟ್ಟಬಾರದು. ದವಾಖಾನೆ, ಪಗಾರ, ಖೂನ, ಜಲ್ದಿ ಎಂಬ ಪದಗಳನ್ನು ಆಸ್ಪತ್ರೆ, ಸಂಬಳ, ಗುರುತು, ಬೇಗ ಎಂದು ಬದಲಿಸಿದರೆ ಬರಹ ಶುದ್ಧವಾಗುವುದಿಲ್ಲ, ಊರು ತಪ್ಪಿದಂತಾಗುತ್ತದೆ. ಬೆಂಗಳೂರಿನ ಪ್ರಕಾಶಕರು ಇಂಥ ಪದಗಳಿಗೆ ಗೆರೆ ಎಳೆದು ಕಳುಹಿಸಿದಾಗ, ಲೇಖಕರ ಪರವಾಗಿ ಎರಡು ಸಾಲು ಬರೆದು ವಾದಿಸುವುದು ನಿಮ್ಮ ಕರ್ತವ್ಯ. ಕಲಬುರಗಿಯಲ್ಲಿ ಕುಳಿತ ತಿದ್ದುಗಾರರಿಗೆ ಬೇರೆ ಊರಿನವರಿಗಿಂತ ಹೆಚ್ಚಿನ ಅರ್ಹತೆಯೇನಾದರೂ ಇದ್ದರೆ ಅದು ಈ ವಿವೇಕ. ಕೆಲಸ ಮುಗಿದಾಗ ರೂಢಿಪಟ್ಟಿಯನ್ನೂ ಹಸ್ತಪ್ರತಿಯ ಜೊತೆಗೆ ಒಪ್ಪಿಸಿರಿ. ಎಷ್ಟು ನಿರ್ಧಾರಗಳನ್ನು ನೀವು ಮಾಡಿದ್ದೀರೆಂಬುದನ್ನು ಅದಕ್ಕಿಂತ ಚೆನ್ನಾಗಿ ಇನ್ನಾವುದೂ ತೋರಿಸದು.

ಕಡತ, ಅಕ್ಷರ, ಅಚ್ಚು

ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಡಿಟಿಪಿ ಅಂಗಡಿಗಳಿಂದ ಬರುವ ಹಸ್ತಪ್ರತಿಗಳಲ್ಲಿ ಇಂದಿಗೂ ಹಲವು ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವೊತ್ತು, ಉದ್ಧರಣ ಚಿಹ್ನೆಗಳು, ಅಂಕಿಗಳು ಸ್ಥಾನ ತಪ್ಪಬಹುದು. ಆದ್ದರಿಂದ ಮೂಲದ ಪಿಡಿಎಫ್ ಪ್ರತಿಯೊಂದನ್ನು ಕೇಳಿ ಪಡೆದು ಪಕ್ಕದಲ್ಲಿಟ್ಟುಕೊಳ್ಳಿರಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿರುವುದು ಬಹಳ ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಹುಡುಕಿದರೆ ಆ ಪದ ಸಿಗುವುದಿಲ್ಲ. ಮೊದಲ ದಿನವೇ ‘೦’ ಎಂದು ಹುಡುಕಿ, ಪದಗಳ ನಡುವೆ ಸಿಕ್ಕಿದ್ದನ್ನೆಲ್ಲ ಸರಿಪಡಿಸಿರಿ.

ಡೆಮಿ 1/8 ಗಾತ್ರದ ಪುಸ್ತಕ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಲೆಕ್ಕದಲ್ಲಿ ಅಚ್ಚಾಗುತ್ತದೆ. ಪುಟವಿನ್ಯಾಸ ಮುಗಿದ ಮೇಲೆ ಪುಸ್ತಕ 162 ಪುಟಕ್ಕೆ ನಿಂತಿದ್ದರೆ, ಎರಡು ಪುಟ ಕಡಿಮೆ ಮಾಡುವ ಬಗೆಯನ್ನು ಲೇಖಕರಿಗೆ ಸೂಚಿಸಿರಿ. ಹತ್ತು ಫಾರಂನಲ್ಲಿ ಮುಗಿಯುವುದಕ್ಕೆ ಇನ್ನೊಂದು ಫಾರಂನ ಖರ್ಚು ಏಕೆ? ಅಂತಿಮ ಪ್ರೂಫನ್ನು ಪರದೆಯ ಮೇಲೆ ನೋಡಬೇಡಿರಿ, ಕಾಗದದ ಮೇಲೆಯೇ ನೋಡಿರಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮೂರಿನಲ್ಲಿ ಇದಕ್ಕೆ ಬೆಳಗಿನ ಐದರಿಂದ ಹತ್ತರವರೆಗಿನ ಹೊತ್ತು ಮೀಸಲಿರಲಿ. ಮಧ್ಯಾಹ್ನದ ಸೆಕೆಯಲ್ಲಿ ನೋಡಿದ ಪ್ರೂಫಿನಲ್ಲಿ ತಪ್ಪು ಉಳಿಯುತ್ತದೆ.

ಬಿಲ್ಲು, ತೆರಿಗೆ, ಬಾಕಿ

ಪ್ರತಿ ಕೆಲಸಕ್ಕೂ ಸಂಖ್ಯೆಯಿರುವ ಬಿಲ್ಲು ಕೊಡಿರಿ. ‘ಸಂಪಾದನೆ ಶುಲ್ಕ’ ಎಂದು ಒಂದೇ ಸಾಲು ಬರೆಯದೆ ಪದಗಳ ಸಂಖ್ಯೆ, ಸುತ್ತುಗಳು, ಹೆಚ್ಚುವರಿ ಪುಟಗಳನ್ನು ಬಿಡಿಸಿ ತೋರಿಸಿರಿ. ಸಂಸ್ಥೆಗಳು ಹಣಕಾಸು ವರ್ಷವೊಂದರಲ್ಲಿ ನಿಮಗೆ ಕೊಡುವ ವೃತ್ತಿಪರ ಶುಲ್ಕ 50,000 ರೂಪಾಯಿ ದಾಟಿದರೆ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುತ್ತವೆ; 2025ರ ಏಪ್ರಿಲ್‌ಗೆ ಮುನ್ನ ಈ ಮಿತಿ 30,000 ಇತ್ತು. ಕಡಿತವಾದ ಹಣ ನಿಮ್ಮ ಪ್ಯಾನ್ ಸಂಖ್ಯೆಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿಕೊಂಡು, ವರ್ಷದ ಲೆಕ್ಕಪತ್ರ ಸಲ್ಲಿಸಿದರೆ ಹೆಚ್ಚಾದದ್ದು ಮರಳಿ ಬರುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ, ಅದು ನಮ್ಮಲ್ಲಿ ಹೆಚ್ಚಿನವರಿಗೆ ದೂರದ ಮಾತು.

ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿಯನ್ನು ಮಾತ್ರ ತಪ್ಪದೆ, ಕೆಲಸ ಒಪ್ಪುವ ಮುನ್ನವೇ ಮಾಡಿಕೊಳ್ಳಿರಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಉಚಿತವಾಗಿ ಆಗುತ್ತದೆ. ಹಣ ಕೇಳುವ ಜಾಲತಾಣಗಳು ಸರ್ಕಾರದವಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ನೋಂದಾಯಿತ ಕಿರು ಉದ್ಯಮಕ್ಕೆ ಬರಬೇಕಾದ ಹಣವನ್ನು ಬರಹದ ಒಪ್ಪಂದವಿದ್ದರೂ 45 ದಿನಗಳ ಒಳಗೆ, ಇಲ್ಲದಿದ್ದರೆ 15 ದಿನಗಳ ಒಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ದೂರನ್ನು ಸರ್ಕಾರದ ಜಾಲತಾಣದಲ್ಲಿ ಸಲ್ಲಿಸಬಹುದು.

ಆದರೆ ಊರಿನ ಹಿರಿಯರೊಬ್ಬರ ಆತ್ಮಕಥನದ ಬಾಕಿಗೆ ಮೊದಲೇ ಕಾನೂನಿನ ಹೆಸರು ಎತ್ತುವುದು ಸಲ್ಲದು. ಗಡುವು ಮುಗಿದ ಮರುದಿನ ಒಂದು ನೆನಪಿನ ಪತ್ರ ಕಳುಹಿಸಿರಿ. ನಾನು ಬಳಸುವುದು ಇದನ್ನು:

‘ಪೂಜ್ಯರಿಗೆ ನಮಸ್ಕಾರಗಳು. ತಮ್ಮ ಹಸ್ತಪ್ರತಿಯ ತಿದ್ದುಪಡಿಯನ್ನೂ, ಅದರ ಜೊತೆಗಿನ ರೂಢಿಪಟ್ಟಿಯನ್ನೂ ಇದೇ ತಿಂಗಳ 4ರಂದು ಒಪ್ಪಿಸಿರುತ್ತೇನೆ. ನಮ್ಮ ಒಪ್ಪಂದದ ಮೇರೆಗೆ ಎರಡನೆಯ ಕಂತು 19ರೊಳಗೆ ಬರಬೇಕಾಗಿತ್ತು. ಬಿಲ್ಲಿನ ಪ್ರತಿಯನ್ನು ಮತ್ತೆ ಲಗತ್ತಿಸಿದ್ದೇನೆ. ತಿದ್ದುಪಡಿಯಲ್ಲಿ ಎಲ್ಲಿಯಾದರೂ ತಮಗೆ ಒಪ್ಪಿಗೆಯಾಗದಿದ್ದರೆ ತಿಳಿಸಬೇಕು, ಮನೆಗೆ ಬಂದು ಕುಳಿತು ನೋಡುತ್ತೇನೆ. ಅಂತಿಮ ಪ್ರೂಫಿನ ಕೆಲಸವನ್ನು ಕಂತು ಬಂದ ಮರುದಿನವೇ ಕೈಗೆತ್ತಿಕೊಳ್ಳುತ್ತೇನೆ.’

ಇದಕ್ಕೆ ಹತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಫೋನು ಮಾಡಿರಿ. ಅನಂತರ, ಬಿಲ್ಲಿನ ದಿನಾಂಕವನ್ನೂ ಉದ್ಯಮ್ ಸಂಖ್ಯೆಯನ್ನೂ ನಮೂದಿಸಿ ಎರಡನೆಯ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅದರ ರಸೀದಿಯನ್ನು ಒಪ್ಪಂದದ ಪತ್ರದ ಜೊತೆಗೇ ಇಟ್ಟುಕೊಳ್ಳಿರಿ.